ಇತಿಹಾಸದ ಪಾಠಕ್ಕೆ ಡಿಜಿಟಲ್ ಸಾಮಗ್ರಿ: ಮಾಡಿ ನೋಡಿದವರು ಹೇಳಿ

ಗದಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬ್ರಿಟಿಷರ ವಿರುದ್ಧ ಕರ್ನಾಟಕದಲ್ಲಿ ನಡೆದ ಬಂಡಾಯಗಳ ಪಾಠಕ್ಕೆ ಸ್ಲೈಡ್ ಮಾಡಿ ತೋರಿಸಿದೆ. ಮಕ್ಕಳು ಸುಮ್ಮನೆ ನೋಡಿದರು, ಮರುದಿನ ಮರೆತರು. ಅವರೇ ಆರಿಸಿ, ಹುಡುಕಿ, ವಾದಿಸುವಂಥ ಸಾಮಗ್ರಿ ಬೇಕು. ಶಾಲೆಯಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇವೆ. ಇಂಟರ್‌ನೆಟ್ ನೆಚ್ಚುವಂತಿಲ್ಲ.

ನರಗುಂದದ ಶಿಕ್ಷಕರೊಬ್ಬರು:

ಸರ್, ನಿಮಗೆ ಬೇಕಾದದ್ದು ನಮ್ಮ ಜಿಲ್ಲೆಯಲ್ಲೇ ಇದೆ. 1858ರ ಬಂಡಾಯಕ್ಕೆ ನಾನು ನಕ್ಷೆಯೊಂದನ್ನು ಮಾಡಿಕೊಂಡಿದ್ದೇನೆ. ಇಂದಿನ ಜಿಲ್ಲೆಗಳ ಗಡಿ ಅದರಲ್ಲಿಲ್ಲ; ಅಂದಿನದಿದೆ. ಮುಂಡರಗಿ, ಡಂಬಳ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗೆ. ಕೊಪ್ಪಳ ನಿಜಾಮನ ಸೀಮೆಯಲ್ಲಿ. ನರಗುಂದ ಭಾವೆ ಮನೆತನದ ಸಂಸ್ಥಾನ. ಊರಿನ ಹೆಸರನ್ನು ಒತ್ತಿದರೆ ಎರಡು ಸಾಲು ತೆರೆಯುತ್ತವೆ: ಸುರೇಬಾನದಲ್ಲಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದದ್ದು, ಕೊಪ್ಪಳದ ಕೋಟೆಯಲ್ಲಿ ಬಂಡಾಯದ ಮುಂದಾಳು ಮುಂಡರಗಿ ಭೀಮರಾಯ ಮಡಿದದ್ದು, ನರಗುಂದದ ಅರಸ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು.

ಇಡೀ ನಕ್ಷೆಗೆ ಒಂದೇ ಪ್ರಶ್ನೆ. ಡಂಬಳದ ಮೇಲೆ ದಾಳಿ ಮಾಡಿದ ಭೀಮರಾಯ ಕೊಪ್ಪಳದತ್ತ ಹೋದದ್ದೇಕೆ? ಗಡಿ ದಾಟಿದರೆ ಕಂಪನಿಯವರು ಬರಲಾರರು ಎಂದು ಒಬ್ಬ ಹೇಳಿದರೆ, ಕೋಟೆ ಗಟ್ಟಿಯಿದ್ದುದರಿಂದ ಎಂದು ಇನ್ನೊಬ್ಬಳು ಹೇಳುತ್ತಾಳೆ. ‘ನಿಜಾಮ ಬ್ರಿಟಿಷರ ಕಡೆಯವನಲ್ಲವೇ ಸರ್?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದ ದಿನ ನನಗಾದ ಸಂತೋಷ ಹೇಳತೀರದು. ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಮನುಷ್ಯ ಅವರೆದುರು ನಿರ್ಧಾರ ಮಾಡುತ್ತ ನಿಂತಿದ್ದ. ಮೊದಲು ಇಂಥ ಪ್ರಶ್ನೆ ಹುಡುಕಿ, ಸಾಫ್ಟ್‌ವೇರ್ ಆಮೇಲೆ.

ಧಾರವಾಡದಲ್ಲಿ ಕಲಿಕಾ ಸಾಮಗ್ರಿ ರೂಪಿಸುವವರು:

ಗುರುಗಳ ಮಾತಿಗೆ ನನ್ನ ಪೂರ್ತಿ ಸಮ್ಮತಿ. ನಾವು ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಳಪದ ಕಲ್ಲಿನ ಬಾಗಿಲವಾಡದ ಫೋಟೋ ಬಳಸಿದೆವು. ಪಕ್ಕದಲ್ಲಿ ಪಟ್ಟದಕಲ್ಲಿನ ಮರಳುಗಲ್ಲಿನ ಕೆತ್ತನೆ. ಮಕ್ಕಳು ಎರಡನ್ನೂ ಹಿಗ್ಗಿಸಿ ನೋಡಿ ವ್ಯತ್ಯಾಸ ಗುರುತಿಸಬೇಕು. ಬಳಪದ ಕಲ್ಲು ಬಂದ ಮೇಲೆ ಉಳಿಗೆ ಎಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು ಎಂಬುದನ್ನು ಅವರ ಕಣ್ಣೇ ಹೇಳುತ್ತದೆ. ಅಂಕ, ನಕ್ಷತ್ರ, ಚಪ್ಪಾಳೆಯ ಸದ್ದು ಹಾಕಬೇಡಿ. ಅವು ಬಂದರೆ ಮಕ್ಕಳು ಚಿತ್ರ ನೋಡುವುದನ್ನು ಬಿಟ್ಟು ಬೇಗ ಬೇಗ ಒತ್ತುತ್ತಾರೆ.

ಇನ್ನು ತಾಂತ್ರಿಕ ಸಂಗತಿ. ಮಕ್ಕಳು ಒತ್ತಿ ನೋಡುವಂಥ ಸಾಮಗ್ರಿ ತಯಾರಿಸುವ ಎಚ್‌ಫೈವ್‌ಪಿ (H5P) ಉಚಿತ. ಅದನ್ನು ಲೂಮಿ ಎಂಬ ತಂತ್ರಾಂಶದಲ್ಲಿ ತಯಾರಿಸಿ ಒಂದೇ ಎಚ್‌ಟಿಎಂಎಲ್ ಕಡತವಾಗಿ ಉಳಿಸಿದರೆ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತದೆ. ಪೆನ್ ಡ್ರೈವ್ ಸಾಕು. ಕಾಲರೇಖೆ ಮಾಡಲು ಟೈಮ್‌ಲೈನ್‌ಜೆಎಸ್ ಚೆನ್ನಾಗಿದೆ, ಆದರೆ ಅದಕ್ಕೆ ಸಂಪರ್ಕ ಬೇಕು. ಫೋಟೋಗಳನ್ನು ಮೊದಲೇ ಕುಗ್ಗಿಸಿ. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿರುವ ಟಿಪ್ಪಣಿಗಳನ್ನು ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಪರಿವರ್ತಿಸಿಕೊಳ್ಳಬೇಕು.

ಹಾವೇರಿಯ ಶಿಕ್ಷಕಿ:

ಸರ್, ಒಂದು ಮಾತು ಸೇರಿಸುತ್ತೇನೆ. ಪ್ರತಿ ಮಾಹಿತಿಯ ಮೇಲೂ ಬಣ್ಣದ ಗುರುತು ಹಾಕಿ: ಶಾಸನಕ್ಕೊಂದು, ಸರ್ಕಾರಿ ದಾಖಲೆಗೊಂದು, ಜನರ ಬಾಯಿಮಾತಿಗೊಂದು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದ ಘಟನೆಯನ್ನು ನಾವು ಹೀಗೆ ಕಟ್ಟಿದೆವು. ಅಜ್ಜ ಅಜ್ಜಿಯರು ತಮ್ಮ ಹಿರಿಯರಿಂದ ಕೇಳಿದ್ದನ್ನು ಮಕ್ಕಳೇ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ತಂದರು. ಎರಡು ಹೇಳಿಕೆಗಳು ಹೊಂದದಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟೆವು. ಯಾವುದನ್ನು ನಂಬಬೇಕು, ಏಕೆ ಎಂದು ಬರೆಯುವುದೇ ಚಟುವಟಿಕೆ. ಒಂದೇ ಲ್ಯಾಪ್‌ಟಾಪ್ ಇರುವುದು ಇದಕ್ಕೆ ತೊಡಕಲ್ಲ. ಗುಂಪಿಗೊಬ್ಬರು ಮುಂದೆ ಬಂದು ಒತ್ತಲಿ, ಉಳಿದವರು ಕಾರಣ ಹೇಳಲಿ. ಧ್ವನಿಮುದ್ರಣಕ್ಕೆ ಮೊದಲು ಹಿರಿಯರ ಒಪ್ಪಿಗೆ ಕೇಳುವುದನ್ನು ಮಕ್ಕಳಿಗೆ ಕಲಿಸಿ. ಮನೆಯವರ ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಅವರೇ ಹೇಳಲಿ.