ಹಳೆಯ ಅಡುಗೆಮನೆಗೆ ಹೊಸ ಟೈಲ್ಸ್: ಇದ್ದುದನ್ನು ಕೀಳಿಸಬೇಕೇ, ಅದರ ಮೇಲೆಯೇ ಕೂರಿಸಬಹುದೇ?

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ನಮ್ಮ ಮನೆಯನ್ನು ಮಾವನವರು 1990ರ ದಶಕದಲ್ಲಿ ಕಟ್ಟಿಸಿದರು. ಅಡುಗೆಮನೆ ಇಂದಿಗೂ ಅಂದಿನಂತೆಯೇ ಇದೆ. ಕಡಪ ಕಲ್ಲಿನ ಕಟ್ಟೆ, ಅದರ ಹಿಂದೆ ಎರಡು ಅಡಿ ಎತ್ತರಕ್ಕೆ ಬಿಳಿಯ ಸಣ್ಣ ಟೈಲ್ಸ್, ಅದರ ಮೇಲೆ ಬಣ್ಣ ಬಳಿದ ಗೋಡೆ. ಒಲೆಯ ಹಿಂದಿನ ಸಂದುಗಳಲ್ಲಿ ಒಗ್ಗರಣೆಯ ಎಣ್ಣೆ, ಅರಿಶಿನ ಇಳಿದು ಕಪ್ಪು ಗೆರೆಗಳಾಗಿವೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಸಿಂಕಿನ ಪಕ್ಕದ ಮೂರ್ನಾಲ್ಕು ಟೈಲ್ಸ್ ಸಡಿಲವಾಗಿವೆ. ಅವುಗಳ ಮೇಲೆ ಬಣ್ಣ ಉಬ್ಬಿದ್ದು, ಮುಟ್ಟಿದರೆ ಬಿಳಿಯ ಪುಡಿ ಉದುರುತ್ತದೆ.

ಇಡೀ ಅಡುಗೆಮನೆಯನ್ನು ಹೊಸದಾಗಿ ಮಾಡಿಸುವ ಉದ್ದೇಶ ನಮಗಿಲ್ಲ. ಕಟ್ಟೆಯನ್ನು ಉಳಿಸಿಕೊಂಡು ಗೋಡೆಗೆ ಹೊಸ ಟೈಲ್ಸ್ ಹಾಕಿಸಿ, ಸಣ್ಣಪುಟ್ಟ ರಿಪೇರಿ ಮುಗಿಸಬೇಕೆಂದಿದ್ದೇವೆ. ಒಬ್ಬ ಮೇಸ್ತ್ರಿ ಹಳೆಯ ಟೈಲ್ಸ್ ಮೇಲೆಯೇ ಅಂಟಿಸೋಣ ಎನ್ನುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ಒಡೆಯಲೇಬೇಕು ಎನ್ನುತ್ತಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಹಾಸನದಿಂದ, ಸಿವಿಲ್ ಇಂಜಿನಿಯರ್)

ಟೈಲ್ಸ್ ವಿಚಾರಕ್ಕೆ ಮೊದಲು ಆ ಬಿಳಿಯ ಪುಡಿಯ ಮೂಲವನ್ನು ಹುಡುಕಿಸಿ. ಗೋಡೆಯೊಳಗಿನ ನೀರು ಆರುವಾಗ ತನ್ನಲ್ಲಿ ಕರಗಿದ್ದ ಲವಣಗಳನ್ನು ಮೇಲ್ಮೈಯಲ್ಲಿ ಬಿಟ್ಟುಹೋಗುತ್ತದೆ. ನೀವು ಕಾಣುತ್ತಿರುವುದು ಅದನ್ನೇ. ನೀರು ಬರುವ ದಾರಿ ಮುಚ್ಚದೆ ಎಷ್ಟೇ ಒಳ್ಳೆಯ ಟೈಲ್ಸ್ ಹಾಕಿಸಿದರೂ ತೇವ ಅದರ ಬೆನ್ನಿಗೆ ನಿಂತು, ಟೈಲ್ಸ್ ಮುಗಿಯುವ ಜಾಗದಲ್ಲಿ ಮತ್ತೆ ಹೊರಬರುತ್ತದೆ.

ಒಂದು ಸುಲಭದ ಪರೀಕ್ಷೆ ಇದೆ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗದಲ್ಲಿಟ್ಟು, ನಾಲ್ಕೂ ಅಂಚುಗಳಿಗೆ ಟೇಪ್ ಹಚ್ಚಿ, ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿಗಳಿದ್ದರೆ ತೇವ ಗೋಡೆಯೊಳಗಿನದು. ಮುಂಬದಿಯಲ್ಲಿದ್ದರೆ ಅಡುಗೆಯ ಹಬೆಯದು, ಅದಕ್ಕೆ ಎಕ್ಸಾಸ್ಟ್ ಫ್ಯಾನ್ ಸಾಕು. ಗೋಡೆಯೊಳಗಿನದಾಗಿದ್ದು ಮಳೆಗಾಲದಲ್ಲಿ ಮಾತ್ರ ಕಾಣಿಸಿದರೆ ಹೊರಗೋಡೆಯ ಬಿರುಕನ್ನು ನೋಡಬೇಕು. ವರ್ಷವಿಡೀ ಇದ್ದರೆ ಪೈಪಿನ ಮೇಲೆಯೇ ಅನುಮಾನಪಡಬೇಕು. ಆ ಕಾಲದ ಮನೆಗಳಲ್ಲಿ ಗೋಡೆಯೊಳಗೆ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಹಾಕಿರುವುದೇ ಹೆಚ್ಚು, ಅವು ತುಕ್ಕು ಹಿಡಿದು ಸೋರುವುದು ಸಾಮಾನ್ಯ.

ನಿಮ್ಮ ಮೇಸ್ತ್ರಿಗಳಿಬ್ಬರ ಮಾತೂ ಅರ್ಧರ್ಧ ಸರಿ. ಪ್ರತಿಯೊಂದು ಟೈಲನ್ನೂ ನಾಣ್ಯದಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಅದು ಗೋಡೆಯನ್ನು ಹಿಡಿದುಕೊಂಡಿದೆ; ಎಣ್ಣೆ ಜಿಡ್ಡನ್ನು ಪೂರ್ತಿ ತೊಳೆದು, ಮೇಲ್ಮೈಯನ್ನು ಗ್ರೈಂಡರಿನಿಂದ ಒರಟುಗೊಳಿಸಿ, ಟೈಲ್ಸ್ ಮೇಲೆ ಟೈಲ್ಸ್ ಅಂಟಿಸಲೆಂದೇ ಸಿಗುವ ಅಂಟಿನಿಂದ ಹೊಸದನ್ನು ಕೂರಿಸಬಹುದು. ಪೊಳ್ಳು ಸದ್ದು ಬರುವ ಕಡೆ, ಮತ್ತು ತೇವವಿರುವ ಸಿಂಕಿನ ಗೋಡೆಯಲ್ಲಿ, ಹಳೆಯ ಗಾರೆಯನ್ನೂ ಸೇರಿಸಿ ತೆಗೆಸಲೇಬೇಕು. ಹೊಸ ಗಾರೆ ಚೆನ್ನಾಗಿ ಆರುವವರೆಗೆ ಟೈಲ್ಸ್ ಬೇಡ.

ಉತ್ತರ 2 (ಮೂಡಿಗೆರೆಯಿಂದ)

ಮೇಲಿನ ಮಾತಿಗೆ ನನ್ನ ಸಹಮತವಿದೆ, ಆದರೆ ಟೈಲ್ಸ್ ಮೇಲೆ ಟೈಲ್ಸ್ ನಿಮ್ಮಲ್ಲಿ ಬೇಡವೆಂದೇ ನನ್ನ ಸಲಹೆ. ಗೋಡೆ ಸುಮಾರು ಅರ್ಧ ಇಂಚು ಮುಂದೆ ಬರುತ್ತದೆ. ಸ್ವಿಚ್ ಬೋರ್ಡುಗಳು ಒಳಗೆ ಹೋದಂತಾಗುತ್ತವೆ, ನಲ್ಲಿಗಳಿಗೆ ಉದ್ದದ ಜೋಡಣೆ ಬೇಕಾಗುತ್ತದೆ. ಹೇಗೂ ಒಂದು ಗೋಡೆ ಒಡೆಸುವವರು ಪೂರ್ತಿ ಒಡೆಸಿದರೆ ಎರಡೂ ಗೋಡೆ ಒಂದೇ ಮಟ್ಟಕ್ಕೆ ಬರುತ್ತವೆ.

ದಿನವೂ ಅಡುಗೆ ಮಾಡುವವಳಾಗಿ ಸಂದಿನ ಬಗ್ಗೆ ಒತ್ತಿ ಹೇಳಬೇಕು, ಏಕೆಂದರೆ ಅಡುಗೆಮನೆ ಹಳತಾಗಿ ಕಾಣುವುದು ಟೈಲಿನಿಂದಲ್ಲ, ಸಂದಿನಿಂದ. ಸಂದಿಗೆ ಬರಿಯ ವೈಟ್ ಸಿಮೆಂಟ್ ತುಂಬಿದರೆ ಅದು ಎಣ್ಣೆಯನ್ನೂ ಅರಿಶಿನವನ್ನೂ ಹೀರಿಕೊಳ್ಳುತ್ತದೆ. ಎಪಾಕ್ಸಿ ಗ್ರೌಟ್ (ಸಂದು ತುಂಬುವ, ರಾಳದಿಂದ ಮಾಡಿದ ಮಿಶ್ರಣ) ದುಬಾರಿಯಾದರೂ ಅಷ್ಟು ಸುಲಭವಾಗಿ ಕಲೆ ಹಿಡಿಯುವುದಿಲ್ಲ. ಇಡೀ ಗೋಡೆಗೆ ಆಗದಿದ್ದರೆ ಒಲೆಯ ಹಿಂದೆ ಮತ್ತು ಸಿಂಕಿನ ಸುತ್ತಲಾದರೂ ಹಾಕಿಸಿ. ಅದು ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿ, ಟೈಲ್ ಮೇಲೆ ಮೆತ್ತಿದ್ದನ್ನು ಆಗಿಂದಾಗಲೇ ಒರೆಸಿಬಿಡಬೇಕು. 12×18 ಇಂಚಿನ ಟೈಲ್ಸ್ ಆರಿಸಿಕೊಂಡರೆ ಸಂದುಗಳೇ ಕಡಿಮೆ. ಉಬ್ಬುತಗ್ಗಿನ ವಿನ್ಯಾಸ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಒಲೆಯ ಹಿಂದೆ ಮಾತ್ರ ಬೇಡ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಳೆಯ ಹಿಂಬದಿಯಲ್ಲಿಯೇ ಹನಿಗಳಿದ್ದವು, ಆ ಜಾಗ ಬೇಸಿಗೆಯಲ್ಲಿಯೂ ಆರುವುದಿಲ್ಲ. ಹಾಗಾಗಿ ಪೈಪ್ ಬದಲಿಸಲು ಪ್ಲಂಬರನ್ನು ಕರೆಸುತ್ತಿದ್ದೇವೆ. ಟೈಲ್ಸ್ ಎಷ್ಟು ತರಬೇಕು, ಕಡಪ ಕಲ್ಲಿನ ಮಂಕಾದ ಕಲೆಗಳಿಗೆ ಏನಾದರೂ ಉಪಾಯವಿದೆಯೇ?

ಉತ್ತರ 3 (ಹಾಸನದ ಇಂಜಿನಿಯರ್)

ಹೊಸ ಸಿಪಿವಿಸಿ ಪೈಪ್ (ತುಕ್ಕು ಹಿಡಿಯದ ಪ್ಲಾಸ್ಟಿಕ್ ಪೈಪ್) ಹಾಕಿದ ಮೇಲೆ, ಗೋಡೆ ಮುಚ್ಚುವ ಮುನ್ನ, ಪಂಪಿನಿಂದ ಒತ್ತಡ ಕೊಟ್ಟು ಸೋರುವುದಿಲ್ಲವೆಂದು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಕಟ್ಟೆ ಎರಡೂ ಬದಿ ಸೇರಿ 16 ಅಡಿ ಉದ್ದವಿದ್ದರೆ, ಎರಡು ಅಡಿ ಎತ್ತರಕ್ಕೆ 32 ಚದರಡಿಯಾಗುತ್ತದೆ. ಕತ್ತರಿಸುವಾಗ ಹಾಳಾಗುವುದಕ್ಕೆ ಶೇ. 10 ಸೇರಿಸಿದರೆ ಸುಮಾರು 35. ಇದರ ಮೇಲೆ ನಾಲ್ಕೈದು ಟೈಲ್ಸ್ ಎತ್ತಿಡಿ. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಿ, ಬ್ಯಾಚ್ ಬೇರೆಯಾದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ.

ಕಡಪ ಸುಣ್ಣಕಲ್ಲಿನ ಜಾತಿಯದು. ನಿಂಬೆ, ಹುಣಸೆ, ವಿನೆಗರ್ ಬಿದ್ದಲ್ಲೆಲ್ಲ ಅದರ ಹೊಳಪು ಸವೆಯುತ್ತದೆ. ಅವು ಕಲೆಗಳಲ್ಲವಾದ್ದರಿಂದ ತಿಕ್ಕಿದರೆ ಹೋಗುವುದಿಲ್ಲ. ಆಸಿಡ್ ಹಾಕಿದರೆ ಇನ್ನೂ ಕೆಡುತ್ತದೆ. ಟೈಲ್ಸ್ ಹಾಕುವ ಮುನ್ನವೇ ಕಲ್ಲಿಗೆ ಪಾಲಿಶ್ ಮಾಡಿಸಿ, ಕೊನೆಯಲ್ಲಿ ಕಟ್ಟೆ ಮತ್ತು ಗೋಡೆ ಕೂಡುವ ಮೂಲೆಗೆ ಸಿಮೆಂಟಿನ ಬದಲು ಸಿಲಿಕೋನ್ ಹಾಕಿಸಿ. ಅಲ್ಲಿ ಸಿಮೆಂಟ್ ಬಿರುಕು ಬಿಟ್ಟೇ ಬಿಡುತ್ತದೆ, ಸಿಂಕಿನಿಂದ ಚೆಲ್ಲಿದ ನೀರು ಗೋಡೆಗೆ ಇಳಿಯುವುದು ಆ ಬಿರುಕಿನಿಂದಲೇ.