ಹೊಳೆಗೆ ಬಿದ್ದ ಔಟ್‌ಬೋರ್ಡ್ ಮೋಟಾರ್: ತೊಳೆಯುವುದಾ, ಒಣಗಿಸುವುದಾ?

ತಳಂಗರೆ ದೋಣಿ: ಇವತ್ತು ಬೆಳಿಗ್ಗೆ ಚಂದ್ರಗಿರಿ ಹೊಳೆಯಲ್ಲಿ, ಅಳಿವೆಯ ಹತ್ತಿರ, ಕ್ಲಾಂಪ್ ಸಡಿಲಾಗಿ, ದೋಣಿಯ ಹಿಂಬದಿಗೆ ಸಿಕ್ಕಿಸಿದ್ದ ನಮ್ಮ 8 ಎಚ್‌ಪಿ ಟೂ ಸ್ಟ್ರೋಕ್ ಮೋಟಾರ್ ನೀರಿಗೆ ಬಿತ್ತು. ಓಡುತ್ತಿರುವಾಗಲೇ ಬಿದ್ದದ್ದು. ಒಂದು ಗಂಟೆ ಮುಳುಗಿ ಹುಡುಕಿ ಈಗಷ್ಟೇ ಮೇಲೆ ತಂದೆವು. ಮೆಕ್ಯಾನಿಕ್ ನಾಳೆ ಬರುತ್ತಾರಂತೆ. ಅಲ್ಲಿಯವರೆಗೆ ಏನು ಮಾಡಲಿ? ಅಪ್ಪ ತೆಗೆದುಕೊಂಡಿದ್ದ ಮೋಟಾರ್, ಬಿಡಲು ಮನಸ್ಸಿಲ್ಲ.

ಕುಂಬಳೆ ವರ್ಕ್‌ಶಾಪ್: ನಾಳೆಗೆ ಇಡಬೇಡಿ. ಕವರ್ ತೆಗೆದು ಬಾವಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಉಪ್ಪು ಹೋಗಲಿ. ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತು ಕೆಳಗೆ ಬರುವ ಹಾಗೆ ಮಲಗಿಸಿ, ಇಂಜಿನ್ ತಲೆಯ ಚಕ್ರ, ಫ್ಲೈವೀಲ್, ಕೈಯಲ್ಲೇ ಮೆಲ್ಲ ತಿರುಗಿಸಿ. ಎಲ್ಲಾದರೂ ಹಿಡಿದರೆ ಅಲ್ಲಿಗೇ ನಿಲ್ಲಿಸಿ. ಗಾಳಿ ಕುಗ್ಗಿದ ಹಾಗೆ ನೀರು ಕುಗ್ಗುವುದಿಲ್ಲ, ಓಡುವ ಇಂಜಿನ್ ನೀರು ಎಳೆದುಕೊಂಡರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಿರುವುದೂ ಉಂಟು. ಸಲೀಸಾಗಿ ತಿರುಗಿದರೆ ಹಗ್ಗ ಎಳೆದು ನೀರು ಹೊರಗೆ ಹಾಕಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಪ್ಲಗ್ ತೂತಿಗೆ ಸ್ವಲ್ಪ ಸ್ಪಿರಿಟ್, ಅದು ಹೋದ ಮೇಲೆ ಆಯಿಲ್. ಹೊಸ ಪೆಟ್ರೋಲ್ ಹಾಕಿ ಇವತ್ತೇ ಓಡಿಸಿ.

ಮೊಗ್ರಾಲ್ ಕರೆ: ನೀರಿಗೆ ಬಿದ್ದದ್ದನ್ನು ಮತ್ತೆ ನೀರಿನಲ್ಲಿ ತೊಳೆಯುವುದಾ? ನಾನು ಒಪ್ಪುವುದಿಲ್ಲ. ನಮ್ಮ ತೋಟದ ಪಂಪ್ ಮುಳುಗಿದಾಗ ಎರಡು ದಿನ ಬಿಸಿಲಿಗೆ ಇಟ್ಟೆವು, ಇವತ್ತಿಗೂ ಓಡುತ್ತಿದೆ. ಈಗ ಮಳೆಗಾಲ, ಹೊಳೆಯಲ್ಲಿ ಉಪ್ಪು ಎಲ್ಲಿದೆ ಮಾರಾಯ್ರೆ?

ಚೆಮ್ನಾಡಿನವ: ಉಪ್ಪು ಎಲ್ಲಿದೆ ಅಂತ ಕೇಳುತ್ತೀರಲ್ಲ, ಕಾಸರಗೋಡು ಪೇಟೆಯ ನಲ್ಲಿಯಲ್ಲಿ ಉಪ್ಪುನೀರು ಬಂದದ್ದು ಮರೆತುಹೋಯಿತಾ? ಸಮುದ್ರದ ನೀರು ಇದೇ ಹೊಳೆಯಲ್ಲಿ, ಪೇಟೆಗೆ ನೀರೆತ್ತುವ ಬಾವಿಕ್ಕರೆವರೆಗೆ ಏರುತ್ತಿತ್ತು. ಅದಕ್ಕೇ ಅಲ್ವಾ ಅಲ್ಲಿ ತಡೆ ಕಟ್ಟಿದ್ದು?

ಮೊಗ್ರಾಲ್ ಕರೆ: ಅದು ಬೇಸಿಗೆಯ ಮಾತು! ಈಗ ಕೊಡಗಿನ ಬೆಟ್ಟದ ಕೆಂಪು ನೀರು ದಡ ತುಂಬಿ ಹರಿಯುತ್ತಿದೆ. ಏಪ್ರಿಲ್ ತಿಂಗಳ ಕತೆ ತಂದು ಇಲ್ಲಿ ಹಾಕಬೇಡಿ.

ಚೆಮ್ನಾಡಿನವ: ಕೆಂಪು ನೀರು ಮೇಲೆ. ಅಡಿಯಲ್ಲಿ? ಉಪ್ಪುನೀರು ಭಾರ, ಉಬ್ಬರದ ಹೊತ್ತಿಗೆ ಅಳಿವೆಯಲ್ಲಿ ಅಡಿಯಿಂದಲೇ ನುಗ್ಗುತ್ತದೆ. ಮೋಟಾರ್ ತೇಲುತ್ತಾ ಇರಲಿಲ್ಲ.

ಮೊಗ್ರಾಲ್ ಕರೆ: ಅಡಿಗೆ ಹೋಗಿ ಕುಡಿದು ನೋಡಿದ್ದೀರಾ? ನಾನು ಹುಟ್ಟಿದ್ದೇ ಹೊಳೆ ಬದಿಯಲ್ಲಿ. ನನಗೆ ಪಾಠ ಬೇಡ.

ಚೆಮ್ನಾಡಿನವ: ಹೊಳೆ ಬದಿಯಲ್ಲಿ ಹುಟ್ಟಿದವರು ನೀವೊಬ್ಬರೇ ಅಲ್ಲ. ನಿಮ್ಮದು ಮೊಗ್ರಾಲ್ ಹೊಳೆ, ಇದು ಚಂದ್ರಗಿರಿ.

ಮಂಜೇಶ್ವರ ಬಂದರು: ಉಪ್ಪೋ ಸಿಹಿಯೋ, ನೀವು ಜಗಳ ಮಾಡುವಷ್ಟರಲ್ಲಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ಒದ್ದೆ ಕಬ್ಬಿಣಕ್ಕೆ ಗಾಳಿ ತಾಗಿದರೆ ಸಾಕು. ಇವತ್ತು ಓಡಿಸಲು ಆಗದಿದ್ದರೆ ಸಿಹಿನೀರಿನ ಡ್ರಮ್‌ನಲ್ಲಿ ಪೂರ್ತಿ ಮುಳುಗಿಸಿಡಿ, ಮೆಕ್ಯಾನಿಕ್ ಬಂದ ಮೇಲೆಯೇ ತೆಗೆಯಿರಿ.

ಮೊಗ್ರಾಲ್ ಕರೆ: ಮುಳುಗಿಸಿಡಬೇಕಂತೆ! ಯಾರದೋ ಮೋಟಾರ್ ಅಂತ ಬಾಯಿಗೆ ಬಂದದ್ದು ಹೇಳಬೇಡಿ. ನನ್ನ ಪಂಪ್ ಸರಿಯಾದದ್ದು ಸುಳ್ಳಾ?

ಕುಂಬಳೆ ವರ್ಕ್‌ಶಾಪ್: ನಿಮ್ಮದು ಕರೆಂಟ್ ಪಂಪ್. ಅದಕ್ಕೆ ಒಣಗಬೇಕಾದದ್ದು ವೈಂಡಿಂಗ್. ಇದರ ಒಳಗೆ ಕ್ರ್ಯಾಂಕ್ ಬೇರಿಂಗ್ ಉಂಟು, ಅದಕ್ಕೆ ಬೇಕಾದದ್ದು ಎಣ್ಣೆ. ಟೂ ಸ್ಟ್ರೋಕ್‌ನಲ್ಲಿ ಆ ಎಣ್ಣೆ ಪೆಟ್ರೋಲ್ ಜೊತೆಗೇ ಬರಬೇಕು. ಅದಕ್ಕೇ ಓಡಿಸಿ ಅಂದದ್ದು.

ತಳಂಗರೆ ದೋಣಿ: ಮುಳುಗಿದವನು ನಾನು. ಉಬ್ಬರ ಇತ್ತು. ಅಡಿಯಲ್ಲಿ ಬಾಯಿಗೆ ಹೋದ ನೀರು ಚೆನ್ನಾಗಿ ಉಪ್ಪಿತ್ತು.

ಚೆಮ್ನಾಡಿನವ: ಕೇಳಿತಾ?

ಮೊಗ್ರಾಲ್ ಕರೆ: ಅಳಿವೆ ಅಂತ ಮೊದಲೇ ಹೇಳಬೇಕಿತ್ತು.

ಚೆಮ್ನಾಡಿನವ: ಮೊದಲ ಸಾಲಿನಲ್ಲೇ ಹೇಳಿದ್ದಾರೆ. ಮೇಲೆ ಹೋಗಿ ಓದಿ.

ಮೊಗ್ರಾಲ್ ಕರೆ: ಅಳಿವೆಯ ಹತ್ತಿರ ಅಂದಿದ್ದಾರೆ. ಅಳಿವೆ ಬೇರೆ, ಹತ್ತಿರ ಬೇರೆ.

ತಳಂಗರೆ ದೋಣಿ: ಫ್ಲೈವೀಲ್ ಎಲ್ಲೂ ಹಿಡಿಯಲಿಲ್ಲ. ಪ್ಲಗ್ ತೂತಿನಿಂದ ನೀರು ಬಂತು, ಸ್ವಲ್ಪ ಮರಳೂ ಬಂತು. ಈಗ ಹಗ್ಗ ಎಳೆಯಲಾ?

ಕುಂಬಳೆ ವರ್ಕ್‌ಶಾಪ್: ಮರಳು ಬಂತಾ? ಎಳೆಯಬೇಡಿ. ಇನ್ನು ತಿರುಗಿಸುವುದೂ ಬೇಡ, ಸಿಲಿಂಡರ್ ಗೀರುತ್ತದೆ. ಬಂದರಿನವರು ಹೇಳಿದ ಹಾಗೆ ಡ್ರಮ್‌ಗೆ ಇಳಿಸಿ, ನಾಳೆ ಪೂರ್ತಿ ಬಿಚ್ಚಿಸಿ.

ಮೊಗ್ರಾಲ್ ಕರೆ: ಮೊದಲು ಇವತ್ತೇ ಓಡಿಸಿ ಅಂದವರೇ ಈಗ ಮುಳುಗಿಸಿ ಅನ್ನುತ್ತಿದ್ದಾರೆ, ನೋಡಿ.