ಗೋಡೆಗೆ ಒತ್ತಿ ಇಡಬೇಡ ಯವ್ವಾ

ಹಲೋ, ಹಲೋ. ಹತ್ತಿತಾ ಇದು? ಹ್ಞಾಂ, ಗೆರೆ ಓಡುತ್ತಿದೆ. ನಾನು ದೊಡ್ಡವ್ವ. ಆ ಸಣ್ಣ ಸಣ್ಣ ಅಕ್ಷರ ಒತ್ತಿ ಬರೆಯುವುದು ನನ್ನಿಂದ ಆಗುವುದಿಲ್ಲ, ಅದಕ್ಕೆ ನಮ್ಮ ಮನೆಯವರ ಗ್ರೂಪಿಗೆ ಬಾಯಲ್ಲೇ ಹೇಳಿ ಕಳಿಸುತ್ತೇನೆ. ಉದ್ದ ಆಯ್ತು ಅಂತ ಯಾರೂ ನಗಬೇಡಿ. ಹೋದ ಸಲ ನಕ್ಕವರು ಯಾರು ಅಂತ ನನಗೆ ಗೊತ್ತು.

ಯವ್ವಾ, ರಾತ್ರಿ ಹನ್ನೊಂದೂವರೆಗೆ ನೀನು ಹಾಕಿದ್ದನ್ನು ಬೆಳಿಗ್ಗೆ ಚಹಾ ಕುಡಿಯುವಾಗ ನೋಡಿದೆ. ಏಳು ತಿಂಗಳ ಬಸುರಿ ಆ ಹೊತ್ತಿಗೆ ಮಲಗಿರಬೇಕು, ಇರಲಿ. ಮುಂದಿನ ವಾರ ಕೊಪ್ಪಳಕ್ಕೆ, ತವರಿಗೆ ಹೊರಟಿದ್ದೀಯ. ಐದಾರು ತಿಂಗಳು ಶಕ್ತಿನಗರದ ಮನೆಯಲ್ಲಿ ಅಳಿಯಂದಿರು ಒಬ್ಬರೇ, ಅವರೂ ಶಿಫ್ಟ್ ಮುಗಿಸಿ ಮಲಗುವುದಕ್ಕೆ ಬರುವವರು. ಗೆಳತಿಯರದ್ದೆಲ್ಲ ಸೇರಿ ನಲವತ್ತು ಪುಸ್ತಕ ನಿನ್ನ ಕಪಾಟಿನಲ್ಲಿವೆ, ಹಾಗೇ ಬಿಟ್ಟು ಹೋದರೆ ಏನಾದರೂ ಆಗುತ್ತಾ ಅಂತ ಕೇಳಿದ್ದೀಯ. ಬಾಣಂತಿ ಓದಿದರೆ ಕಣ್ಣು ಹೋಗುತ್ತವೆ ಅಂತ ನಿಮ್ಮ ಅತ್ತೆಯವರು ಹೇಳಿದರಂತೆ, ಅದು ನಿಜಾನಾ ಅಂತ. ಆಮೇಲೆ ಜೊತೆಗೆ ಯಾವ ಪುಸ್ತಕ ಒಯ್ಯಲಿ ಅಂತ. ಮೂರು ಪ್ರಶ್ನೆ ಆಯ್ತು.

ಮೊದಲನೆಯದಕ್ಕೆ ಹೇಳುತ್ತೇನೆ. ಆಗುತ್ತೆ. ಬೇರೆಯವರ ಪುಸ್ತಕ ಗೋಡೆಗೆ ಒತ್ತಿ ಇಟ್ಟು, ಬಾಗಿಲು ಹಾಕಿಕೊಂಡು ಬಾಣಂತನಕ್ಕೆ ಹೋಗಬೇಡ. ನಾನು ಹೋಗಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಸಿಂಧನೂರಿನ ಬೇವಿನ ಗಿಡದ ಮನೆ ನಿಮಗೆಲ್ಲ ಗೊತ್ತಲ್ಲ. ನಿಮ್ಮವ್ವನ ಮದುವೆಯ ಮಾತುಕತೆ ಆದದ್ದು ಅದೇ ಕಟ್ಟೆಯ ಮೇಲೆ. ಕಲ್ಲು ಮಣ್ಣಿನ ಗೋಡೆ, ಎರಡು ಮೊಳ ದಪ್ಪ. ಆ ಗೋಡೆಯೊಳಗೇ ಒಂದು ಅಲಮಾರಿ, ಕಟ್ಟಿಗೆ ಬಾಗಿಲು. ನಾನು ಹೇಳುವುದು 1986ರ ಮಾತು. ಎಡದಂಡೆ ಕಾಲುವೆ ನೀರು ಬಂದು ಸುತ್ತ ಎಲ್ಲ ಭತ್ತದ ಗದ್ದೆ ಆಗಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಆ ಗೋಡೆಗೆ ಕೈ ಇಟ್ಟರೆ ತಣ್ಣಗೆ ಇರುತ್ತಿತ್ತು. ತಂಪು ಅಂತ ನನಗೆ ಖುಷಿ. ತಂಪು ಯಾರ್ಯಾರಿಗೆ ಬೇಕು ಅನ್ನುವುದು ಆಗ ಗೊತ್ತಿರಲಿಲ್ಲ.

ನಾವು ನಾಲ್ಕು ಜನ. ನರ್ಸಕ್ಕ, ಟೀಚರಮ್ಮ, ಬ್ಯಾಂಕಿನವರ ಮನೆಯಾಕೆ, ನಾನು. ವಾರಪತ್ರಿಕೆ ಕೊಳ್ಳುವುದು ಒಂದೇ ಪ್ರತಿ, ಅದು ನಾಲ್ಕು ಮನೆ ತಿರುಗುವುದು. ಸುಧಾ ಒಂದು, ಆಮೇಲೆ ತರಂಗ. ಮಧ್ಯಾಹ್ನ ಗಂಡಸರ ಊಟ ಮುಗಿದ ಮೇಲೆ ನಮ್ಮ ಕಟ್ಟೆಗೆ ಸೇರುತ್ತಿದ್ದೆವು. ಒಬ್ಬಳು ಶೇಂಗಾ ಸುಲಿಯುತ್ತಾಳೆ, ಒಬ್ಬಳು ಅಕ್ಕಿ ಆರಿಸುತ್ತಾಳೆ, ಒಬ್ಬಳು ಜೋರಾಗಿ ಓದುತ್ತಾಳೆ. ಧಾರಾವಾಹಿ ಕಾದಂಬರಿ ಮುಗಿಯಿತು ಅಂದರೆ ನನ್ನ ಕೆಲಸ ಶುರು. ಆ ಹಾಳೆಗಳನ್ನೆಲ್ಲ ಬಿಡಿಸಿ, ವಾರದ ಕ್ರಮದಲ್ಲಿ ಜೋಡಿಸಿ, ದಬ್ಬಣದಿಂದ ತೂತು ಹಾಕಿ, ಗೋಣಿ ದಾರದಲ್ಲಿ ಹೊಲಿಯುವುದು. ಮೇಲೆ ಹಳೆ ಕ್ಯಾಲೆಂಡರಿನ ರಟ್ಟು. ಮೈದಾ ಹಿಟ್ಟು ಕುದಿಸಿ ಮಾಡಿದ ಅಂಟು. ಆ ಅಂಟು ಅಂದರೆ ಹುಳಕ್ಕೆ ಹೋಳಿಗೆ ಊಟ ಅಂತ ಆಮೇಲೆ ಗೊತ್ತಾಯಿತು. ಹಾಗೆ ಹೊಲಿದವು ಒಂಬತ್ತು ಕಾದಂಬರಿ. ನೋಡು, ಅಂಗಡಿ ಪುಸ್ತಕ ಹೋದರೆ ಇನ್ನೊಂದು ತರಬಹುದು. ನಾವು ಹೊಲಿದದ್ದು ಒಂದೊಂದೇ ಪ್ರತಿ. ಎಲ್ಲ ನಮ್ಮ ಅಲಮಾರಿಯಲ್ಲೇ, ಯಾಕೆಂದರೆ ಬಾಗಿಲು ಇದ್ದ ಅಲಮಾರಿ ನಮ್ಮ ಮನೆಯದು.

ಅದರ ಜೊತೆಗೆ ನರ್ಸಕ್ಕನ ಒಂದು ಪುಸ್ತಕ. ಅನುಪಮಾ ನಿರಂಜನ ಅವರ ತಾಯಿ-ಮಗು. ಬರೆದವರೇ ಡಾಕ್ಟರ್. ನಾನು ಚೊಚ್ಚಲ ಬಸುರಿ, ಕೇಳುವುದಕ್ಕೆ ನಾಚಿಕೆ ಇರುವ ಮಾತೆಲ್ಲ ಅದರಲ್ಲಿ ನೆಟ್ಟಗೆ ಬರೆದಿತ್ತು. ನರ್ಸಕ್ಕ ತಾನು ನೋಡಿದ ಹೆರಿಗೆಗಳ ಬಗ್ಗೆ ಬದಿಗೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಇದಕ್ಕೆ ಹೆದರಬೇಡ, ಇದಕ್ಕೆ ಓಡು, ಹೀಗೆ.

ತಡಿ, ಕುಕ್ಕರ್ ಕೂಗಿತು... ಹ್ಞಾಂ, ಆಫ್ ಮಾಡಿ ಬಂದೆ. ಎಲ್ಲಿದ್ದೆ?

ಶಿವರಾತ್ರಿ ಆದ ಮೇಲೆ ಲಿಂಗಸೂಗೂರಿಗೆ ತವರಿಗೆ ಹೋದೆ, ಪಂಚಮಿ ಮುಗಿಸಿ ಕೂಸು ಎತ್ತಿಕೊಂಡು ಬಂದೆ. ಬಂದು ಅಲಮಾರಿ ತೆಗೆದರೆ ಎಲ್ಲ ಸಾಲಾಗಿ ನಿಂತಿವೆ. ಹೆಸರು ಓದಬಹುದು. ನನಗೆ ಸಮಾಧಾನ ಆಯ್ತು ನೋಡು. ಒಂದನ್ನು ಎಳೆದೆ. ಕೈಗೆ ಹಪ್ಪಳದಷ್ಟು ಹಗುರ ಬಂತು. ಮುಂದಿನ ರಟ್ಟು ಇದೆ, ಹಿಂದಿನ ರಟ್ಟು ಇದೆ, ನಡುವೆ ಮಣ್ಣು. ಬರೀ ಮಣ್ಣು, ಅದರಲ್ಲಿ ಬಿಳಿ ಬಿಳಿ ಹುಳ. ಒರಲಿ. ನೀವೆಲ್ಲ ಗೆದ್ದಲು ಅನ್ನುತ್ತೀರಿ. ನೆಲದಿಂದ ಗೋಡೆಯೊಳಗೇ ಹತ್ತಿ, ಅಲಮಾರಿಯ ಹಿಂದಿನ ಬಿರುಕಿನಿಂದ ಬಂದು, ಕತ್ತಲಲ್ಲಿ ಕೂತು ತಿಂದಿತ್ತು. ಅದಕ್ಕೆ ಬೆಳಕು ಆಗುವುದಿಲ್ಲ, ಹೊರಗಿಂದ ಒಂದು ತೂತೂ ಕಾಣುವುದಿಲ್ಲ. ಹತ್ತೂ ಹೋಗಿದ್ದವು. ತಾಯಿ-ಮಗು ಪುಸ್ತಕದಲ್ಲಿ ಮೊದಲ ಹಾಳೆ ಉಳಿದಿತ್ತು, ನರ್ಸಕ್ಕನ ಹೆಸರು ಬರೆದ ಹಾಳೆ. ಅದನ್ನು ನೋಡಿ ಜಾಸ್ತಿ ಅಳು ಬಂತು.

ನಿಮ್ಮ ದೊಡ್ಡಪ್ಪ ಮನೆಯಲ್ಲೇ ಇದ್ದರು ಮತ್ತೆ! ಐದು ತಿಂಗಳು! ಒಂದು ದಿನ ಆ ಬಾಗಿಲು ತೆಗೆದಿದ್ದರೆ ಗೊತ್ತಾಗುತ್ತಿತ್ತು. ಕೇಳಿದರೆ, "ಅದು ನಿಮ್ಮ ಹೆಂಗಸರ ಪುಸ್ತಕ ಅಂತ ಮುಟ್ಟಲಿಲ್ಲ" ಅಂದರು. ಮರ್ಯಾದೆ ನೋಡು. ಈಗ ಇಲ್ಲೇ ಕೂತು ಪೇಪರ್ ಓದುತ್ತಿದ್ದಾರೆ, ಕೇಳಿಸದವರ ಹಾಗೆ.

ಗೆಳತಿಯರಿಗೆ ಹೇಳುವುದಕ್ಕೆ ಮೂರು ದಿನ ಬಾಯಿ ಬರಲಿಲ್ಲ. ಅವರು ಕೂಸು ನೋಡುವುದಕ್ಕೆ ಅಂತ ತಾವೇ ಬಂದರು, ಅಂಟಿನ ಉಂಡೆ ಕಟ್ಟಿಕೊಂಡು. ನಾನು ಆ ಮಣ್ಣಿನ ಹೆಂಟೆಗಳನ್ನು ಮೊರದಲ್ಲಿ ತಂದು ಮುಂದೆ ಇಟ್ಟೆ. ಟೀಚರಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು. ನರ್ಸಕ್ಕ ಮಾತ್ರ ಸುಮ್ನೆ ಕೂಸನ್ನು ಎತ್ತಿಕೊಂಡು, "ಆ ಪುಸ್ತಕದ ಕೆಲಸ ಮುಗಿದಿದೆ ಬಿಡು, ಇಲ್ಲಿ ಇದೆಯಲ್ಲ" ಅಂದಳು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಬ್ಯಾಂಕಿನವರ ಮನೆಯಾಕೆಯದು ಇನ್ನೊಂದು ಕತೆ. ಅದರಲ್ಲಿ ಒಂದು ಕಾದಂಬರಿಯ ಕೊನೆಯ ಐದು ವಾರ ಅವಳು ಓದಿರಲಿಲ್ಲ, ಊರಿಗೆ ಹೋಗಿದ್ದಳು. ಬಂದು ಓದಿದರಾಯ್ತು ಅಂತ ಇಟ್ಟುಕೊಂಡಿದ್ದಳು. ಈಗ ಎಲ್ಲಿಂದ ತರಲಿ? ನಾನೇ ಬಾಯಲ್ಲಿ ಹೇಳಿದೆ, ರೊಟ್ಟಿ ಬಡಿಯುತ್ತಾ ಎರಡು ಸಂಜೆ. ನಿಜವಾದ ಕತೆಯಲ್ಲಿ ಆ ಹುಡುಗಿ ಸಾಯುತ್ತಾಳೆ. ನಾನು ಅವಳನ್ನು ಉಳಿಸಿ, ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಹಚ್ಚಿದೆ. ಆಕೆ ಇವತ್ತಿಗೂ ಹಾಗೇ ಅಂದುಕೊಂಡಿದ್ದಾಳೆ. ಯಾರೂ ಹೇಳಬೇಡಿ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ ಯವ್ವಾ. ಬೇರೆಯವರ ಪುಸ್ತಕ ಗೋಡೆಗೆ ಒತ್ತಿ ಇಟ್ಟು ಊರಿಗೆ ಹೋಗಬೇಡ. ನಮ್ಮದು ಸಿಮೆಂಟಿನ ಕ್ವಾರ್ಟರ್ಸು ದೊಡ್ಡವ್ವ ಅನ್ನಬೇಡ. ಒರಲಿಗೆ ಒಂದು ಕೂದಲಿನಷ್ಟು ಬಿರುಕು ಸಾಕು. ಬಚ್ಚಲಮನೆಗೆ ಹೊಂದಿದ ಗೋಡೆ ಇದ್ದರಂತೂ ಮುಗಿಯಿತು, ಅಲ್ಲಿ ಯಾವಾಗಲೂ ಪಸೆ.

ಆದರೆ ಒಂದು ಮಾತು. ಒರಲಿಗೆ ಬುದ್ಧಿ ಇಲ್ಲ, ತಿಂದಿತು. ಬುದ್ಧಿ ಇದ್ದವರು ಮಾಡಿದ್ದಕ್ಕೆ ಏನು ಹೇಳಲಿ? ಲಿಂಗಸೂಗೂರಿನ ಮನೆ ಕೆಡವಿ ಕಟ್ಟುವಾಗ ಅಪ್ಪನ ಟ್ರಂಕು ಏನಾಯಿತು? ಅದರಲ್ಲಿ ಬೀಚಿಯವರ ಪುಸ್ತಕಗಳಿದ್ದವು. ಅಪ್ಪ ಅವನ್ನು ಓದಿ ಒಬ್ಬರೇ ನಗುತ್ತಿದ್ದರು, ಅವ್ವ ಒಳಗಿಂದ ಏನಾಯ್ತು ಅಂತ ಕೂಗುತ್ತಿದ್ದಳು. ಬೀಚಿ ಹರಪನಹಳ್ಳಿಯವರು, ನಮ್ಮ ಕಡೆಯವರು ಅಂತ ಅಪ್ಪನಿಗೆ ಎಲ್ಲಿಲ್ಲದ ಹೆಮ್ಮೆ. ಆ ಟ್ರಂಕು ರದ್ದಿಗೆ ಹೋಯಿತು. ಕೆಜಿ ಲೆಕ್ಕದಲ್ಲಿ. ಟ್ರಂಕಿಗೆ ಬೇರೆ ರೇಟು. ನಾವು ಮೂರು ಜನ ಹೆಣ್ಣುಮಕ್ಕಳಿದ್ದೆವು, ಒಬ್ಬಳಿಗಾದರೂ ಫೋನ್ ಮಾಡಿ ಅಕ್ಕಾ, ಬೇಕಾ ಅಂತ ಕೇಳಬಹುದಿತ್ತಲ್ಲ? ಹೊಲ ಕೇಳಲಿಲ್ಲ ನಾವು, ಮನೆ ಕೇಳಲಿಲ್ಲ. ಒಂದು ಟ್ರಂಕು. ನನ್ನ ತಮ್ಮನೂ ಈ ಗ್ರೂಪಿನಲ್ಲಿ ಇದ್ದಾನೆ, ಕೇಳಿಸಿಕೊಳ್ಳಲಿ. ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕುತ್ತಾನಲ್ಲ, ಒಂದು ದಿನ ಇದಕ್ಕೆ ಉತ್ತರ ಹಾಕಲಿ. ನಾನು ಈಗಲೂ ಮಿರ್ಚಿ ತಂದರೆ, ಕಟ್ಟಿಕೊಟ್ಟ ಕಾಗದ ಬಿಡಿಸಿ ನೋಡುತ್ತೇನೆ. ಅಪ್ಪನ ಅಕ್ಷರ ಎಲ್ಲಾದರೂ ಇದೆಯಾ ಅಂತ.

ಇರಲಿ ಬಿಡು. ಅವನ ಸೊಸೆ ಒಳ್ಳೆಯವಳು, ಓದುತ್ತಾಳೆ.

ಅಯ್ಯೋ, ನೀನು ಕೇಳಿದ್ದು ಏನು, ನಾನು ಹೇಳುತ್ತಿರುವುದು ಏನು! ಏನು ಮಾಡಬೇಕು ಅನ್ನುವುದನ್ನೇ ಹೇಳಲಿಲ್ಲ.

ನಲವತ್ತರಲ್ಲಿ ನಿನ್ನವು ಎಷ್ಟು? ಉಳಿದವನ್ನು ಈ ವಾರವೇ ಗೆಳತಿಯರಿಗೆ ಹಂಚಿಬಿಡು. ಯಾರ ಪುಸ್ತಕ ಯಾರ ಮನೆಯಲ್ಲಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಫೋಟೊ ತೆಗೆದು ಎಲ್ಲರಿಗೂ ಕಳಿಸು. ಮನೆ ಮನೆ ತಿರುಗುವ ಪುಸ್ತಕಕ್ಕೆ ಹುಳ ಹತ್ತುವುದು ಕಡಿಮೆ, ಅದನ್ನು ಯಾರಾದರೂ ತೆಗೆದು ನೋಡುತ್ತಲೇ ಇರುತ್ತಾರಲ್ಲ. ನಿನ್ನವು ಉಳಿದರೆ ಕಬ್ಬಿಣದ ರ‍್ಯಾಕಿನಲ್ಲಿ ಇಡು, ನೆಲದಿಂದ ಮೇಲೆ, ಗೋಡೆಯಿಂದ ಒಂದು ಗೇಣು ಈಚೆ. ಶಕ್ತಿನಗರದ ಕರೆಂಟ್ ಸ್ಥಾವರದ ಬೂದಿ ಕೂರುತ್ತದೆ ಅಂತ ಮೇಲೆ ಹಳೆ ಕಾಟನ್ ಸೀರೆ ಮುಚ್ಚು, ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ. ಅಳಿಯಂದಿರಿಗೆ ಹೇಳು, ಹದಿನೈದು ದಿನಕ್ಕೊಮ್ಮೆ ರ‍್ಯಾಕು ಸರಿಸಿ, ಗೋಡೆಯ ಮೇಲೆ ಮಣ್ಣಿನ ಗೆರೆ ಎದ್ದಿದೆಯಾ ನೋಡಲಿ. ಹೆಂಗಸರ ಪುಸ್ತಕ ಅಂತ ಮರ್ಯಾದೆ ಮಾಡುವುದು ಬೇಡ ಅನ್ನು. ಗೆರೆ ಕಂಡರೆ ಔಷಧಿ ಹೊಡೆಸುವುದು ನೀನು ಕೊಪ್ಪಳದಲ್ಲಿ ಇರುವಾಗಲೇ ಆಗಲಿ. ಕೂಸು ಬಂದ ಮೇಲೆ ಆ ವಾಸನೆ ಬೇಡ.

ಇನ್ನೊಂದು. ಡಾಂಬರು ಗುಳಿಗೆ ಹಾಕುತ್ತೇನೆ ಅನ್ನಬೇಡ. ಒರಲಿ ಅದಕ್ಕೆ ಹೆದರುವುದಿಲ್ಲ, ಗೋಡೆಯೊಳಗಿಂದ ಬರುವುದಕ್ಕೆ ಹೊರಗಿನ ಗುಳಿಗೆ ಏನು ಮಾಡುತ್ತೆ? ಕೂಸಿನ ಬಟ್ಟೆ ಜೊತೆಗಂತೂ ಇಡಲೇಬೇಡ. ಕೆಲವು ಮಕ್ಕಳಿಗೆ ಹುಟ್ಟಿನಿಂದ ರಕ್ತದಲ್ಲಿ ಒಂದು ಕೊರತೆ ಇರುತ್ತದೆ. ಅಂಥ ಕೂಸಿಗೆ ಆ ಗುಳಿಗೆಯ ಗಾಳಿ ತಾಗಿದರೆ ರಕ್ತದ ಕಣ ಒಡೆದು ಕಾಮಾಲೆ ಏರುತ್ತದೆ. ಇದು ನರ್ಸಕ್ಕ ಹೇಳಿದ್ದು. ನಮ್ಮವ್ವ ಟ್ರಂಕಿನಿಂದ ತೆಗೆದ ಹಳೆ ಕುಲಾವಿಯನ್ನು ಅವಳು ಎರಡು ಸಲ ಒಗೆಸಿ, ಬಿಸಿಲಿಗೆ ಹಾಕಿಸಿಯೇ ತೊಡಿಸಲು ಬಿಟ್ಟಳು.

ಕಣ್ಣಿನ ಮಾತು. ನಿಮ್ಮ ಅತ್ತೆಯವರು ಈ ಗ್ರೂಪಿನಲ್ಲಿಲ್ಲ, ಅದಕ್ಕೆ ಧೈರ್ಯವಾಗಿ ಹೇಳುತ್ತೇನೆ. ಓದಿದರೆ ಕಣ್ಣು ಹೋಗುವುದಿಲ್ಲ. ನನಗೂ ಅವ್ವ ಒಂದು ಹಾಳೆ ಮುಟ್ಟಗೊಡಲಿಲ್ಲ. ಕತ್ತಲ ಕೋಣೆ, ಕಿವಿಗೆ ಹತ್ತಿ. ಅಜವಾನ ಕಟ್ಟಿಕೊಟ್ಟ ಪೇಪರ್ ತುಂಡನ್ನು ನಾನು ಇಪ್ಪತ್ತು ಸಲ ಓದಿದ್ದೇನೆ, ಯಾವುದೋ ಟೆಂಡರ್ ನೋಟಿಸು. ಕಣ್ಣು ಉರಿಯುವುದು ನಿದ್ದೆ ಇಲ್ಲದ್ದಕ್ಕೆ. ಕೂಸು ಮಲಗಿದಾಗ ಮೊದಲು ನೀನೂ ಮಲಗು, ಉಳಿದರೆ ಓದು, ಬೆಳಕು ಹಾಕಿಕೊಂಡು ಓದು. ಆದರೆ ಈಗಾಗಲಿ, ಹೆರಿಗೆ ಆದ ಮೇಲಾಗಲಿ, ಕಣ್ಣು ಮಂಜಾಗಿ ತಲೆ ಸಿಡಿಯತೊಡಗಿದರೆ ಓದಿದ್ದಕ್ಕೆ ಅಂದುಕೊಂಡು ಸುಮ್ಮನೆ ಕೂರಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸು. ನರ್ಸಕ್ಕ ಓಡು ಅಂತ ಬರೆದಿದ್ದರಲ್ಲಿ ಇದೂ ಒಂದು.

ಪುಸ್ತಕ ಮೂರ್ನಾಲ್ಕೇ ಒಯ್ಯಿ. ತೆಳುವಾದವು, ಒಂದು ಕೈಯಲ್ಲಿ ಹಿಡಿಯುವಂಥವು. ಇನ್ನೊಂದು ಕೈಯಲ್ಲಿ ಕೂಸು ಇರುತ್ತದೆ. ದೊಡ್ಡ ಕಾದಂಬರಿ ಬೇಡ, ಹತ್ತು ಪುಟಕ್ಕೆ ಮೂರು ಸಲ ಎಬ್ಬಿಸುತ್ತದೆ. ವಸುಧೇಂದ್ರ ಅವರ ನಮ್ಮಮ್ಮ ಅಂದ್ರೆ ನಂಗಿಷ್ಟ ಇಟ್ಟುಕೋ. ಸಂಡೂರಿನವರು, ನಮ್ಮ ಸೀಮೆಯ ಮನೆ, ನಮ್ಮ ಸೀಮೆಯ ಅಮ್ಮ. ನಗು ಬರುತ್ತದೆ, ಹೊಲಿಗೆ ಹಾಕಿದ್ದರೆ ಮೆಲ್ಲಗೆ ನಗು. ತೇಜಸ್ವಿಯವರ ಪರಿಸರದ ಕತೆ ಒಂದು. ಎಲ್ಲಿ ತೆರೆದರೂ ಶುರುಮಾಡಬಹುದು, ಎಲ್ಲಿ ಬೇಕಾದರೂ ಬಿಡಬಹುದು. ಎಂ.ಕೆ. ಇಂದಿರಾ ಅವರ ಫಣಿಯಮ್ಮ ತುಂಬಾ ಒಳ್ಳೆಯ ಪುಸ್ತಕ, ಆದರೆ ಈಗ ಬೇಡ. ಬಾಲವಿಧವೆಯ ಬದುಕು, ಬಾಣಂತಿಗೆ ಅಳುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಮುಂದಿನ ವರ್ಷ ಓದು.

ತಾಯಿ-ಮಗು ನಾನು ಕೊಡುತ್ತೇನೆ. 2016ರ ಡಿಸೆಂಬರಿನಲ್ಲಿ ನಮ್ಮ ರಾಯಚೂರಿನಲ್ಲೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, 82ನೆಯದು, ಅಲ್ಲಿ ಕೊಂಡಿದ್ದು. ನೋಟು ರದ್ದಾಗಿ ತಿಂಗಳೂ ಆಗಿರಲಿಲ್ಲ. ನನ್ನ ಕೈಯಲ್ಲಿ ಎರಡು ಸಾವಿರದ ಗುಲಾಬಿ ನೋಟು, ಮಳಿಗೆಯ ಹುಡುಗನ ಹತ್ತಿರ ಚಿಲ್ಲರೆ ಇಲ್ಲ. ಇನ್ನೂ ತಗೊಳ್ಳಿ ಅಮ್ಮ, ನೋಟು ಮುಗಿಸಿಬಿಡಿ ಅಂದ. ಮುಗಿಸಿದೆ. ಅದರಲ್ಲೇ ದಿನಕ್ಕೊಂದು ಕಥೆಯೂ ಬಂತು, ಅದೂ ಅವರದೇ, ನಿನ್ನ ಕೂಸು ದೊಡ್ಡದಾದ ಮೇಲೆ ಬೇಕಾಗುತ್ತದೆ. ತಾಯಿ-ಮಗುವಿನಲ್ಲಿ ಚುಚ್ಚುಮದ್ದಿನ ಪಟ್ಟಿ ಮಾತ್ರ ನೋಡಬೇಡ, ಅದು ಆ ಕಾಲದ್ದು. ಅದಕ್ಕೆ ಸರ್ಕಾರದ ತಾಯಿ ಕಾರ್ಡು ಇದೆ, ಆಶಾ ಕಾರ್ಯಕರ್ತೆ ಹೇಳುತ್ತಾಳೆ. ಮೊದಲ ಹಾಳೆಗೆ ನರ್ಸಕ್ಕನ ಹೆಸರಿನ ಆ ಹಳೆ ಹಾಳೆ ಅಂಟಿಸಿದ್ದೇನೆ. ಈ ಸಲ ಮೈದಾ ಅಲ್ಲ, ಫೆವಿಕಾಲು.

ಭಾನುವಾರ ಹತ್ತು ಗಂಟೆ ಬಸ್ಸಿಗೆ ಬರುತ್ತೇನೆ, ಚೀಲ ತರುತ್ತೇನೆ. ಬಗ್ಗಿ ಭಾರ ಎತ್ತಬೇಡ, ನಾನು ಬಂದೇ ಪುಸ್ತಕ ಇಳಿಸುತ್ತೇನೆ. ಗೆಳತಿಯರಿಗೂ ಬರುವುದಕ್ಕೆ ಹೇಳು. ಅಡುಗೆ ಏನೂ ಮಾಡಬೇಡ, ರೊಟ್ಟಿ, ಗುರೆಳ್ಳು ಚಟ್ನಿ ನಾನೇ ಕಟ್ಟಿಕೊಂಡು ಬರುತ್ತೇನೆ. ಮೊಸರು ಇದ್ದರೆ ಇಟ್ಟಿರು. ಮತ್ತೆ ನಿನ್ನ ಕಪಾಟಿನಲ್ಲಿ ಕೆಳಗಿನ ಸಾಲಿಗೆ ಒಂದು ನೀಲಿ ರಟ್ಟಿನ ಪುಸ್ತಕ ಇದೆಯಲ್ಲ, ಹೋದ ಯುಗಾದಿಗೆ ನಮ್ಮ ಮನೆಯಿಂದ ಒಯ್ದದ್ದು, ಅದು ನನ್ನದು. ಹಂಚುವಾಗ ಅದನ್ನು ಯಾರಿಗೂ ಕೊಟ್ಟುಬಿಡಬೇಡ.